ಓನರಮ್ಮನಿಗೆ ಬೇಕಾಗಿದ್ದ ಒಂದು ‘ಬೇಡ’

ಓನರಮ್ಮನ ಬಲಗೈ ತೋರುಬೆರಳು ಸದಾ ಗೋಡೆಯ ಮೇಲೆ ಓಡಾಡುತ್ತಿತ್ತು. ಮೆಟ್ಟಿಲು ಹತ್ತುವಾಗ, ಇಳಿಯುವಾಗ, ಬಾಗಿಲಲ್ಲಿ ನಿಂತು ಮಾತಾಡುವಾಗ ಕೂಡ ಅದು ಗೋಡೆ ಬಿಟ್ಟು ಬರುತ್ತಿರಲಿಲ್ಲ. ಮೊಂಡು ಉಗುರಿನ, ಅರಿಶಿನ ಹಿಡಿದ, ತುದಿಯಲ್ಲಿ ಕೊಂಚ ಬಲಕ್ಕೆ ಬಾಗಿದ ಬೆರಳು. ಅದು ಹುಡುಕುತ್ತಿದ್ದದ್ದು ಬಾಡಿಗೆಯವರು ಹೊಡೆದ ಮೊಳೆಯ ತೂತನ್ನು. ತೂತು ಸಿಕ್ಕರೆ ಬೆರಳು ಅಲ್ಲೇ ನಿಲ್ಲುತ್ತಿತ್ತು, ಬಾಯಿ ಶುರುವಾಗುತ್ತಿತ್ತು.

“ಇದೇನೇ ಇದು? ಮೊಳೆ ಹೊಡೆಯೋಕೆ ನಿಮ್ಮಪ್ಪ ಕಟ್ಟಿಸಿದ ಗೋಡೆನಾ?”

ವಿನೋಬನಗರದ ಆ ಮನೆಯ ಮಹಡಿಯಲ್ಲಿ ನಾನೂ ನನ್ನ ಗಂಡನೂ ಬಹಳ ವರ್ಷ ಬಾಡಿಗೆಗೆ ಇದ್ದೆವು. ಕೆಳಗೆ ಓನರಮ್ಮ ಮತ್ತು ಅವರ ಯಜಮಾನರು. ಎದುರಿಗೆ ಅವರನ್ನು ಆಂಟಿ, ಅಂಕಲ್ ಎನ್ನುತ್ತಿದ್ದೆ. ಬೆನ್ನ ಹಿಂದೆ ಮಾತ್ರ ಓನರಮ್ಮ. ತರಕಾರಿ ಗಾಡಿಯವನು, ಗ್ಯಾಸ್ ತರುವವನು ಎದುರಿಗೇ ಹಾಗೆ ಕೂಗುತ್ತಿದ್ದರು, ಅದು ಆಕೆಗೆ ಇಷ್ಟವೂ ಇತ್ತು. ಇರದೆ ಏನು? ಮದುವೆಯಾದಾಗಿನಿಂದ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬದುಕಿದವರು. ಅಲ್ಲಿ ಗೋಡೆ ಕಂಪನಿಯದು, ಬಣ್ಣವೂ ಕಂಪನಿಯದು. ಸಾಲಿನ ಎಲ್ಲ ಮನೆಗೂ ಒಂದೇ ಸುಣ್ಣ, ಬುಡದಲ್ಲಿ ಒಂದೇ ಕೆಮ್ಮಣ್ಣಿನ ಪಟ್ಟಿ. ಯಾರದೋ ಮನೆಗೆ ನುಗ್ಗಿ “ಸಾರಿಗೆ ಉಪ್ಪು ಹಾಕಿದ್ದೀಯೇನೇ?” ಎಂದು ಕೇಳಿದ ಮೇಲೆ ಅದು ತಮ್ಮ ಮನೆಯಲ್ಲ ಎಂದು ಗೊತ್ತಾದವರೂ ಇದ್ದರಂತೆ. ಅಂಕಲ್ ವಿಆರ್‌ಎಸ್ ತೆಗೆದುಕೊಂಡು ಶಿವಮೊಗ್ಗದಲ್ಲಿ ಮನೆ ಕಟ್ಟಿಸಿದ ಮೇಲೆಯೇ ಆಕೆಗೆ ಸ್ವಂತದ್ದೊಂದು ಗೋಡೆ ಸಿಕ್ಕಿದ್ದು.

ಆ ಗಂಡಹೆಂಡಿರ ಮಾತು ಕೇಳುವುದೇ ನಮಗೆ ಮಹಡಿಯ ಮೇಲಿನ ಮನರಂಜನೆಯಾಗಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಅಂಕಲ್ “ಹಿತ್ತಲಲ್ಲಿ ಕರಿಬೇವು ಬೇಡ, ಹುಳ ಬರುತ್ತೆ” ಎಂದರೆ ಮರುದಿನ ಓನರಮ್ಮ ಗುಂಡಿ ತೋಡಿಸುತ್ತಿದ್ದರು. “ಮುಂದಿನ ಬಾಗಿಲಿಗೆ ಗ್ರಿಲ್ ಬೇಡ, ಜೈಲಿನ ಹಾಗಿರುತ್ತೆ” ಎಂದರೆ ಆ ವಾರವೇ ವೆಲ್ಡಿಂಗಿನವನು ಬಂದು ಕೂರುತ್ತಿದ್ದ. ಮನೆ ಕಟ್ಟಿಸುವಾಗಲೂ ಹೀಗೇ ನಡೆದಿತ್ತಂತೆ. ಅಂಕಲ್ ಬೇಡ ಎಂದ ಕಡೆಯೆಲ್ಲ ಕಿಟಕಿ ಬಂದಿದ್ದವು. ಒಳ್ಳೆಯ ಗಾಳಿ ಬೆಳಕಿನ ಮನೆ ಅದು, ಸುಳ್ಳೇಕೆ ಹೇಳಲಿ.

ಒಂದು ದಿನ ಗೇಟಿನ ಹತ್ತಿರ ಸಿಕ್ಕ ಅಂಕಲ್, ಹಿತ್ತಲಲ್ಲಿ ಸೊಂಪಾಗಿ ಬೆಳೆದ ಕರಿಬೇವನ್ನು ತೋರಿಸಿ, ದನಿ ತಗ್ಗಿಸಿ, “ನಂಗೆ ಬೇಕಾಗಿದ್ದೇ ಅದು ಕಣಮ್ಮಾ” ಎಂದರು. ನನಗೆ ತಟ್ಟನೆ ಅರ್ಥವಾಗಲಿಲ್ಲ. “ಬೇಕು ಅಂದ್ರೆ ಈ ಜನ್ಮದಲ್ಲಿ ಬರ್ತಿರ್ಲಿಲ್ಲ. ಬೇಡ ಅಂದೆ, ಬಂತು. ಕಿಟಕಿ, ಗ್ರಿಲ್ಲು, ಮಗಳ ಮದುವೆ ಸಂಬಂಧ, ಎಲ್ಲಾ ಹೀಗೇ ಆಗಿದ್ದು. ನೀನು ಬಾಯಿ ಬಿಡಬೇಡ ಮತ್ತೆ!” ಎಂದು ಹಲ್ಲುಸೆಟ್ಟು ಕಾಣುವ ಹಾಗೆ ನಕ್ಕರು.

ಆ ಗುಟ್ಟು ನನಗೂ ಉಪಯೋಗಕ್ಕೆ ಬಂತು. ಡೆಂಗ್ಯೂ ಬಂದು ನಾನು ಹಾಸಿಗೆ ಹಿಡಿದಾಗ, ನನ್ನ ಗಂಡ ಡ್ಯೂಟಿಯ ಮೇಲೆ ಬೇರೆ ಊರಿನಲ್ಲಿದ್ದರು. ಓನರಮ್ಮ ಬಾಗಿಲು ದಬದಬ ಬಡಿದು ಒಳಗೆ ಬಂದರು. “ಗಂಜಿ ಮಾಡ್ಲಾ?” “ಬೇಡ ಆಂಟಿ, ನಿಮಗ್ಯಾಕೆ ತೊಂದರೆ.” ಅಷ್ಟೇ ಸಾಕಾಯಿತು. ಗಂಜಿ ಬಂತು, ಮಾರನೆಯ ದಿನ ಮೆತ್ತನೆ ಅಕ್ಕಿರೊಟ್ಟಿ ಬಂತು, ಆಮೇಲೆ ಅವರೇ ಚಾಪೆ ಹಾಸಿಕೊಂಡು ನನ್ನ ಮಂಚದ ಪಕ್ಕ ಮಲಗಿದರು. ಜ್ವರದ ಭ್ರಮೆಯಲ್ಲಿ ಕಣ್ಣು ಬಿಟ್ಟರೆ ಅವರ ಬೆರಳು ನನ್ನ ತಲೆದಿಂಬಿನ ಮೇಲಿನ ಗೋಡೆಯನ್ನು ಸವರುತ್ತಿರುತ್ತಿತ್ತು. “ಇಲ್ಲೂ ಒಂದು ಮೊಳೆ ಹೊಡೆದಿದ್ದೀಯಲ್ಲೇ ಮಾರಾಯ್ತಿ. ಹುಷಾರಾಗು, ಆಮೇಲೆ ವಿಚಾರಿಸ್ಕೊಳ್ತೀನಿ.” ನನ್ನ ಹೆತ್ತಮ್ಮ ತೀರಿಕೊಂಡು ಆಗ ಬಹಳ ದಿನವಾಗಿರಲಿಲ್ಲ. ಆ ಬೈಗುಳ ಕೇಳುತ್ತ ನಿದ್ದೆ ಹೋಗುವುದು ಎಷ್ಟು ಸುಖವಾಗಿತ್ತೆಂದು ಅವರಿಗೆ ನಾನು ಹೇಳಿಲ್ಲ.

ಅಂಕಲ್‌ಗೆ ಲಕ್ವ ಹೊಡೆದದ್ದು ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿದ್ದಾಗ. ಬಲಗೈ, ಬಲಗಾಲು ಹೋದವು, ಮಾತು ಹೋಯಿತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, “ಹೇಳಿದ್ದು ಅರ್ಥ ಆಗ್ತಿರಬಹುದು, ಆಗದೆಯೂ ಇರಬಹುದು. ಮಾತಾಡಿಸ್ತಾ ಇರಿ” ಎಂದರು. ಕೆಳಗಿನ ಮನೆಯ ಬೀದಿ ಬದಿಯ ಕೋಣೆಯಲ್ಲಿ ಮಂಚ ಹಾಕಿದರು. ದಾವಣಗೆರೆಯಲ್ಲಿದ್ದ ಮಗಳು ಬಂದು ಒಂದಷ್ಟು ದಿನ ಇದ್ದು ಹೋದಳು. ಓನರಮ್ಮ ಬೆಳಿಗ್ಗೆ ಗಂಡನ ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಿ, ಗಂಜಿ ಕುಡಿಸುತ್ತ ಮಾತಾಡುತ್ತಿದ್ದರು. ಎಂದಿನಂತೆ ಜೋರಾಗಿಯೇ. ಆದರೆ ಆ ಕಡೆಯಿಂದ ಬರುತ್ತಿದ್ದದ್ದು “ಆ… ಆ…” ಎಂಬ ಒಂದೇ ದನಿ. ನೀರಿಗೂ ಅದೇ, ನೋವಿಗೂ ಅದೇ, ಬಾಗಿಲಲ್ಲಿ ನಾನು ಕಂಡರೂ ಅದೇ.

ಮಂಚದ ಎದುರಿನ ಗೋಡೆ ಆ ಮಳೆಗಾಲದಲ್ಲಿ ತೇವ ಕುಡಿದು ಉಬ್ಬಿತ್ತು. ಬಣ್ಣ ಹಪ್ಪಳದ ಹಾಗೆ ಎದ್ದು ಕೆಳಗೆ ಉದುರುತ್ತಿತ್ತು. ಓನರಮ್ಮನ ಮನೆಯಲ್ಲಿ ಇಂಥ ಗೋಡೆ! ಒಂದು ಮಧ್ಯಾಹ್ನ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕರೆದರು.

“ಏನೇ, ನಾಳೆ ರಜೆ ಅಲ್ವಾ ನಿಂಗೆ? ಭದ್ರಾವತಿಗೆ ಹೋಗ್ಬರೋಣ. ಬಣ್ಣ ತರ್ಬೇಕು.”

“ಇಲ್ಲೇ ಎಷ್ಟು ಅಂಗಡಿ ಇವೆಯಲ್ಲ ಆಂಟಿ.”

“ಈ ಊರಿನ ಅಂಗಡಿ ಲೈಟು ನಂಬಬಾರದು. ಅಲ್ಲಿ ನೋಡಿದ್ರೆ ಒಂದು ಬಣ್ಣ, ಮನೆಗೆ ಬಂದ್ರೆ ಇನ್ನೊಂದು.”

ಅಂಕಲ್‌ನ ಪಕ್ಕ ಕೂರಲು ನನ್ನ ಗಂಡನನ್ನು ಒಪ್ಪಿಸಿ ಹೊರಟೆವು. ಭದ್ರಾವತಿಯಲ್ಲಿ ಆಕೆಗೆ ಪರಿಚಯದ ಹಳೆಯ ಪೇಂಟ್ ಅಂಗಡಿ. ಅಲ್ಲೂ ಈಗ ಕಂಪ್ಯೂಟರ್ ಮಷಿನ್ನು ಬಂದಿತ್ತು, ಗುಂಡಿ ಒತ್ತಿದರೆ ಬಿಳಿ ಬಣ್ಣದ ಡಬ್ಬಿಗೆ ನಾಲ್ಕು ಹನಿ ಬಣ್ಣ ಬಿದ್ದು, ಗಡಗಡ ಅಲುಗಾಡಿ ಹೊಸ ಬಣ್ಣವಾಗುತ್ತಿತ್ತು. ಅಂಗಡಿಯವರು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಶೇಡ್ ಕಾರ್ಡನ್ನು ಕೈಗಿಟ್ಟರು. ಓನರಮ್ಮ ಅದನ್ನು ಎತ್ತಿಕೊಂಡು ಫುಟ್‌ಪಾತಿನ ಬಿಸಿಲಿಗೆ ನಡೆದೇಬಿಟ್ಟರು. ಹಸಿರಿನಲ್ಲೇ ಒಂದು ಹಾಳೆ ತುಂಬ ಹಸಿರು. ಒಂದಕ್ಕೂ ಇನ್ನೊಂದಕ್ಕೂ ನನಗಂತೂ ವ್ಯತ್ಯಾಸ ಕಾಣಲಿಲ್ಲ.

ಅಂಗಡಿಯವರು ಹೊರಗೆ ಬಂದು, “ಯಾರ ರೂಮಿಗಮ್ಮಾ? ಮಕ್ಕಳಿಗಾ, ದೊಡ್ಡವರಿಗಾ?” ಎಂದು ಕೇಳಿದರು.

“ಮಲಗಿರೋರಿಗೆ,” ಎಂದರು ಓನರಮ್ಮ.

ಅವರು ಕಾರ್ಡಿನಲ್ಲಿ ತಿಳಿಬಣ್ಣದ ಹಾಳೆ ತೆಗೆದು, “ಹಾಗಾದ್ರೆ ತಿಳೀದು ತಗೊಳ್ಳಿ. ಕಣ್ಣಿಗೆ ಹೊಡೀಬಾರದು. ಸಣ್ಣ ಡಬ್ಬಿಯಲ್ಲಿ ಸ್ಯಾಂಪಲ್ ಕೊಡ್ತೀನಿ, ಗೋಡೆ ಮೇಲೆ ಬಳಿದು ನೋಡಿ ಆಮೇಲೆ ಹೇಳಿ” ಎಂದರು.

ತಿಳಿಹಸಿರು, ತಿಳಿನೀಲಿ, ಕೆನೆ ಬಣ್ಣ. ಮೂರು ಪುಟ್ಟ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ಓನರಮ್ಮ ಬಸ್ಸಿನಲ್ಲಿ ಕೂತರು. ಮಲವಗೊಪ್ಪದ ಹತ್ತಿರ ಮುಂದೆ ಯಾವುದೋ ಲಾರಿ ಕೆಟ್ಟು ನಿಂತು, ಬಸ್ಸೂ ನಿಂತಿತು. ಸೆಕೆ. ಆಕೆ ಕಿಟಕಿಯಾಚೆ ನೋಡುತ್ತ ಹೇಳಿದರು.

“ಇಷ್ಟು ವರ್ಷ ಎಲ್ಲಾ ನಾನು ಹೇಳಿದ್ದೇ ಆಯ್ತು ಕಣೇ. ಈ ಒಂದ್ಸಲ ಅವರಿಗೆ ಬೇಕಾದ್ದೇ ಆಗ್ಬೇಕು. ಬೆಳಿಗ್ಗೆಯಿಂದ ರಾತ್ರಿ ತನಕ ಅದೇ ಗೋಡೆ ನೋಡ್ಕೊಂಡು ಮಲಗಿರೋರು ಅವರು ತಾನೇ?”

“ಆದರೆ ಅಂಕಲ್ ಹೇಗೆ ಹೇಳ್ತಾರೆ ಆಂಟಿ?”

“ಹೇಳ್ತಾರೆ. ಹೇಳದೆ ಎಲ್ಲಿಗೆ ಹೋಗ್ತಾರೆ,” ಎಂದರು. ಆ ಮಾತಿನಲ್ಲಿ ಎಂದಿನ ಜೋರಿತ್ತು. ಆದರೆ ಕೈ ಡಬ್ಬಿಗಳ ಮುಚ್ಚಳವನ್ನು ಒತ್ತಿ ಒತ್ತಿ ನೋಡುತ್ತಿತ್ತು.

ಪೇಂಟರ್ ಭದ್ರಾವತಿಯವನೇ, ಹಿಂದೆ ಕ್ವಾರ್ಟರ್ಸಿಗೆ ಸುಣ್ಣ ಹೊಡೆದವನು. ಅಂಕಲ್‌ನ ಮಂಚವನ್ನು ಹಾಲ್‌ಗೆ ಸರಿಸಿ, ಗೋಡೆ ಕೆರೆದು, ಪುಟ್ಟಿ ಮೆತ್ತಿ, ಉಜ್ಜಿ, ಬಿಳಿ ಪ್ರೈಮರ್ ಹೊಡೆದ. ಅದರ ಮೇಲೆ ಮೊರದಗಲ ಮೂರು ಪಟ್ಟೆ ಬಳಿದು, “ಒಣಗಲಿ, ಆಮೇಲೆ ಹೇಳಮ್ಮಾ. ಒಣಗಿದ ಮೇಲೆ ಒಂದು ಪಟ್ಟು ಗಾಢ ಆಗತ್ತೆ” ಎಂದು ಹೇಳಿ ಹೋದ. ವಾಸನೆ ಇಳಿದ ಮೇಲೆ ಮಂಚ ಮತ್ತೆ ಒಳಗೆ ಬಂತು.

ಅಲ್ಲಿಂದ ಶುರುವಾಯಿತು ನೋಡಿ. ಓನರಮ್ಮ ಗಂಡನ ತಲೆಯ ಕೆಳಗೆ ಎರಡು ದಿಂಬು ಕೊಟ್ಟು, ಮುಖವನ್ನು ಗೋಡೆಗೆ ತಿರುಗಿಸಿ, ಹಸಿರಿನ ಪಕ್ಕ ಹೋಗಿ ನಿಂತರು.

“ನೋಡಿ, ಇದು ಹಸಿರು. ಇದನ್ನೇ ಹೊಡಿಸ್ತೀನಿ. ಬೇಡ್ವಾ? ಬೇಡ ಅನ್ನಿ.”

“ಆ…”

“ಇದು ನೀಲಿ. ಬೇಡ್ವಾ?”

“ಆ… ಆ…”

ಬೆಳಗಿನ ಬೆಳಕಿನಲ್ಲಿ ಕೇಳಿದರು. ಸಂಜೆ ಟ್ಯೂಬ್‌ಲೈಟ್ ಹಾಕಿ ಕೇಳಿದರು. ಒಂದು ಮಾತಿಲ್ಲ, ಒಂದು ಸನ್ನೆಯಿಲ್ಲ. ಕೊನೆಗೆ ನನ್ನನ್ನು ಮಂಚದ ಕಾಲ ಬಳಿ ನಿಲ್ಲಿಸಿದರು. “ಅವರ ಕಣ್ಣು ನೋಡ್ತಿರು. ಯಾವುದರ ಮೇಲೆ ಜಾಸ್ತಿ ಹೊತ್ತು ನಿಲ್ಲತ್ತೆ, ಹೇಳು.” ನಾನು ನೋಡಿದೆ. ಓನರಮ್ಮ ಹಸಿರಿನ ಪಕ್ಕ ನಿಂತಾಗ ಅಂಕಲ್ ಕಣ್ಣು ಹಸಿರಿನ ಕಡೆ ಹೋಯಿತು. ನೀಲಿಯ ಕಡೆ ಸರಿದಾಗ ನೀಲಿಗೆ. ಕೆನೆ ಬಣ್ಣಕ್ಕೆ ಬಂದಾಗ ಅಲ್ಲಿಗೆ. ಆಕೆ ನೀರಿನ ಲೋಟ ತರಲು ಬಾಗಿಲ ಕಡೆ ನಡೆದರೆ ಕಣ್ಣು ಬಾಗಿಲಿಗೆ ಹೋಯಿತು.

“ಆಂಟಿ, ಅವರು ಬಣ್ಣ ನೋಡ್ತಿಲ್ಲ. ನಿಮ್ಮನ್ನ ನೋಡ್ತಿದ್ದಾರೆ.”

“ನನ್ನ ಮುಖದಲ್ಲಿ ಏನು ಮಣ್ಣಿದೆ ನೋಡೋಕೆ! ಗೋಡೆ ನೋಡಿ ಅಂದ್ರೆ!” ಎಂದು ಗಂಡನಿಗೆ ಗದರಿದರು. ಗದರಿ, ಸೆರಗಿನಿಂದ ಅವರ ಬಾಯಿಯ ಪಕ್ಕದ ಜೊಲ್ಲು ಒರೆಸಿದರು.

ಆಮೇಲೆ ತಾವು ಮರೆಯಲ್ಲಿ ನಿಂತು ನನ್ನನ್ನು ಗೋಡೆಯ ಬಳಿ ನಿಲ್ಲಿಸಿದ್ದೂ ಆಯಿತು. ಅಂಕಲ್ ಕಣ್ಣು ಆಕೆ ಅಡಗಿದ್ದ ಬೀರುವಿನ ಕಡೆಗೇ ಇತ್ತು. ಬಣ್ಣಗಳೇ ಸರಿಯಿಲ್ಲವೇನೋ ಎಂದು ಇನ್ನಷ್ಟು ಸ್ಯಾಂಪಲ್ ತರಿಸಿದರು. ಗೋಡೆ ಕೌದಿಯಂತಾಯಿತು. ಪೇಂಟರ್ ಬಂದು ಬಂದು ತಲೆ ಕೆರೆದುಕೊಂಡು ವಾಪಸ್ ಹೋಗುತ್ತಿದ್ದ. “ಯಾವುದಾದರೂ ಒಂದು ಹೇಳಮ್ಮಾ, ನೀನು ಹೀಗಿದ್ದವಳಲ್ಲ” ಎಂದ ಒಂದು ಸಲ. ಮಗಳು ಫೋನಿನಲ್ಲಿ, “ಅಮ್ಮ, ಅಪ್ಪನಿಗೆ ಅದೆಲ್ಲ ಗೊತ್ತಾಗಲ್ಲಮ್ಮ, ಬಿಳಿ ಹೊಡೆಸಿಬಿಡು” ಎಂದಳು. ಆಕೆ ಫೋನಿಟ್ಟು ಮತ್ತೆ ಗೋಡೆಯ ಹತ್ತಿರ ಹೋಗಿ ನಿಂತರು.

ನೋಡಲಾಗದೆ ನಾನು ಬಾಯಿ ಬಿಟ್ಟೆ. ಅಡುಗೆಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದವರ ಪಕ್ಕ ಕೂತು, ಅಂಕಲ್ ಗೇಟಿನ ಹತ್ತಿರ ಹೇಳಿದ ಗುಟ್ಟನ್ನೆಲ್ಲ ಹೇಳಿಬಿಟ್ಟೆ. ಅವರಿಗೆ ಬೇಕಾದದ್ದನ್ನೇ ಬೇಡ ಎನ್ನುತ್ತಿದ್ದರು, ಇಷ್ಟು ವರ್ಷವೂ ಅವರ ಇಷ್ಟವೇ ನಡೆದಿದೆ, ನೀವು ಸಂಕಟಪಡಬೇಕಾಗಿಲ್ಲ ಎಂದೆ. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ.

ಓನರಮ್ಮ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ.

“ಅದು ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು. ನಾಚಿಕೆ ಮನುಷ್ಯ ಅವರು. ಇದು ಬೇಕು ಅಂತ ಯಾರ ಹತ್ರವೂ ಬಾಯಿಬಿಟ್ಟು ಕೇಳ್ದೋರಲ್ಲ, ಹೆತ್ತ ತಾಯಿ ಹತ್ರವೂ ಇಲ್ಲ. ಬೇಡ ಅಂತ ಜಗಳ ಆಡೋಕೆ ಮಾತ್ರ ಬರ್ತಿತ್ತು. ಅವರು ಬೇಡ ಅಂದ್ರೆ ಸಾಕು, ಓ ಇದು ಬೇಕು ಇವರಿಗೆ, ಅಂತ ತಂದು ಹಾಕ್ತಿದ್ದೆ. ಅವರು, ಇವಳನ್ನ ಆಟ ಆಡಿಸ್ತಿದೀನಿ ಅಂತ ಖುಷಿಯಾಗಿರ್ತಿದ್ರು. ಇರಲಿ ಬಿಡು ಅಂತ ನಾನೂ ಹಾರಾಡ್ತಿದ್ದೆ. ಅವತ್ತು ಬಸ್ಸಿನಲ್ಲಿ ನಿನ್ನ ಹತ್ರ, ಎಲ್ಲಾ ನಾನು ಹೇಳಿದ್ದೇ ಆಯ್ತು ಅಂದಿದ್ದೂ ಅದೇ ಅಭ್ಯಾಸ.”

ನಾನೂ ಒಂದು ಹಿಡಿ ಮೆಣಸಿನಕಾಯಿ ತೆಗೆದುಕೊಂಡು ತೊಟ್ಟು ಮುರಿಯತೊಡಗಿದೆ.

“ಈಗ ಒಂದು ಬೇಡ ಅನ್ನೋಕೂ ಆಗ್ತಿಲ್ಲವಲ್ಲೇ ಅವರಿಗೆ. ನಾನು ಏನಂತ ತಿಳ್ಕೊಳ್ಳಲಿ? ಯಾರನ್ನ ಕೇಳಲಿ?”

ಮೆಣಸಿನಕಾಯಿಯ ಕೈಯಲ್ಲೇ ಕಣ್ಣೊರೆಸಿಕೊಂಡು, ಉರಿ ತಾಳದೆ ನಲ್ಲಿಯ ಕಡೆ ಓಡಿದರು. ನಾನು ನೀರು ಹಾಕಿದೆ. ಬಹಳ ಹೊತ್ತು ಮುಖ ತೊಳೆಯುತ್ತಲೇ ಇದ್ದರು. ಅವರಿಗಾಗಿ ನಾನು ಮಾಡಬಹುದಾದದ್ದು ಬೇರೇನೂ ಇರಲಿಲ್ಲ.

ಅಂಕಲ್ ಹೋದದ್ದು ಅದಾದ ಕೆಲವೇ ದಿನಗಳಿಗೆ, ಗಂಜಿ ಕುಡಿಸುವ ಹೊತ್ತಿನಲ್ಲಿ. ಓನರಮ್ಮನ ಕೂಗು ಕೇಳಿ ನಾನು ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾರ್ಯ ಮಾಡಿಸಲು ಬಂದ ಅಯ್ಯನವರು ಪಂಚಾಂಗ ನೋಡಿ, ಪ್ರಾಣ ಹೋದ ನಕ್ಷತ್ರ ಒಳ್ಳೆಯದಲ್ಲ, ಮನೆ ಬಿಡಬೇಕು ಎಂದರು. ಎಲ್ಲಿಗೆ ಬಿಟ್ಟು ಹೋಗುವುದು? ಮಾತುಕತೆಯೆಲ್ಲ ಆದ ಮೇಲೆ, ಆ ಕೋಣೆಯನ್ನಾದರೂ ಕೆಲವು ತಿಂಗಳು ಮುಚ್ಚಿ, ಆಮೇಲೆ ಶಾಂತಿ ಮಾಡಿಸಿ ತೆಗೆಯಿರಿ ಎಂದರು. ಮಗಳು ಬಾಗಿಲಿಗೆ ಬೀಗ ಹಾಕಿದಳು. ಪುಟ್ಟಿ, ಬಣ್ಣದ ಡಬ್ಬಿ, ಪೇಂಟರನ ಏಣಿ ಎಲ್ಲ ಒಳಗೇ ಉಳಿದವು. ಅಮ್ಮನನ್ನು ದಾವಣಗೆರೆಗೆ ಬಾ ಎಂದು ಅವಳು ಕರೆದಳು. ಓನರಮ್ಮ, “ಆ ಗೋಡೆ ಹಾಗೇ ಬಿಟ್ಟು ಹೆಂಗೆ ಬರ್ಲಿ?” ಎಂದರು.

ಆ ಕೋಣೆಗೆ ಕಾಂಪೌಂಡಿನ ಕಡೆಗೆ ಒಂದು ಕಿಟಕಿಯಿತ್ತು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಓನರಮ್ಮ ಅಲ್ಲಿ, ಸರಳು ಹಿಡಿದು, ಒಳಗಿನ ಗೋಡೆಯ ಬಣ್ಣಗಳನ್ನು ನೋಡುತ್ತ ನಿಂತಿರುತ್ತಿದ್ದರು. “ಆ ಹಸಿರು ಒಂದು ನಮೂನೆ ತಣ್ಣಗಿದೆ ಅಲ್ವೇನೇ?” ಎಂದು ಒಮ್ಮೆ ಕೇಳಿದರು. ಇನ್ನೊಮ್ಮೆ ಕೂಡ ಹಸಿರಿನ ಮಾತೇ ಎತ್ತಿದರು. ಸಂಜೆ ಬರುವಾಗ ಕಿಟಕಿಯ ಹತ್ತಿರ ಕುರ್ಚಿಯಿರುತ್ತಿತ್ತು. ಆ ದಿನಗಳಲ್ಲಿ ನಾನು ಮೇಲೆ ಕ್ಯಾಲೆಂಡರ್ ತೂಗುಹಾಕಲು ಒಂದು ಮೊಳೆ ಹೊಡೆದೆ. ಬೇಕೆಂದೇ ಜೋರಾಗಿ ಹೊಡೆದೆ. ಕೆಳಗಿನಿಂದ ಯಾರೂ ಕೂಗಲಿಲ್ಲ. ಸುತ್ತಿಗೆ ಹಿಡಿದುಕೊಂಡು ನಾನು ಮೆಟ್ಟಿಲ ಕಡೆ ಕಿವಿಗೊಟ್ಟು ಕಾದೆ.

ಶಾಂತಿಯಾಯಿತು, ಬೀಗ ತೆಗೆದರು. ಮಗಳು ಮುಂಚೆಯೇ ಫೋನು ಮಾಡಿ ಪೇಂಟರನನ್ನು ಕರೆಸಿದ್ದಳು. ಅವನು ಏಣಿ ಒರೆಸಿ ನಿಲ್ಲಿಸಿ, “ಯಾವುದಮ್ಮಾ?” ಎಂದ. ಓನರಮ್ಮ ಗೋಡೆಯಿಂದ ಅಷ್ಟು ದೂರದಲ್ಲಿ, ಎರಡು ಕೈಯನ್ನೂ ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದರು. ಅವನು ನನ್ನ ಮುಖ ನೋಡಿದ.

ಆಕೆಗೆ ಹಸಿರು ಇಷ್ಟ ಎನ್ನುವುದು ನನಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಬಲ ಉಳಿದಿಲ್ಲ ಎನ್ನುವುದೂ ಗೊತ್ತಿತ್ತು. ಹಾಸಿಗೆ ಹಿಡಿದಿದ್ದ ನನ್ನನ್ನು ಎಬ್ಬಿಸಿ ಕೂರಿಸಿದ ಹೆಂಗಸು. ಅವರೊಡನೆ ಮಾತಾಡಲು ನಾನು ಕಲಿತ ದಾರಿ ಒಂದೇ. ಅಂಕಲ್ ಇದ್ದಿದ್ದರೆ ಹೇಗೆ ಹೇಳುತ್ತಿದ್ದರೋ ಹಾಗೇ, ಆ ದನಿಯಲ್ಲೇ ಹೇಳಿದೆ.

“ಯಾವುದಾದ್ರೂ ಹೊಡೆಸಿ ಆಂಟಿ. ಆ ಹಸಿರು ಮಾತ್ರ ಬೇಡಪ್ಪ. ಸ್ವಲ್ಪವೂ ಚೆನ್ನಾಗಿಲ್ಲ.”

ಈಗ ಹಾರಿಬೀಳುತ್ತಾರೆ, ನನ್ನ ಗೋಡೆ, ನನ್ನ ಇಷ್ಟ, ನೀನ್ಯಾರೇ ಕೇಳೋಕೆ ಎನ್ನುತ್ತಾರೆ ಎಂದು ಕಾದೆ. ಬೈಸಿಕೊಳ್ಳಲು ನಾನು ಅಷ್ಟೊಂದು ಆಸೆಪಟ್ಟದ್ದು ಅದೊಂದೇ ಸಲ.

ಓನರಮ್ಮ ಗೋಡೆಯ ಹಸಿರನ್ನೇ ಸ್ವಲ್ಪ ಹೊತ್ತು ನೋಡಿದರು.

“ಹೌದಾ? ಬೇಡ ಬಿಡು ಹಾಗಾದ್ರೆ,” ಎಂದರು.

“ಇಲ್ಲ ಆಂಟಿ, ನಾನು ಸುಮ್ನೆ ಅಂದೆ. ಹಸಿರೇ ಚೆನ್ನಾಗಿರತ್ತೆ.”

“ಈಗ ತಾನೇ ಬೇಡ ಅಂದ್ಯಲ್ಲೇ ಮಾರಾಯ್ತಿ. ಆ ಕೆನೆ ಬಣ್ಣನೇ ಹೊಡೀಲಿ. ಯಾವುದಾದ್ರೇನು.” ಹೇಳಿ ಒಳಗೆ ಹೋದರು.

ಪೇಂಟರ್ ಬ್ರಷ್ ಎತ್ತಿಕೊಂಡು ಮೊದಲು ಹಸಿರಿನ ಮೇಲೇ ಬಳಿದ. ನಾನು ತಡೆಯಬೇಕೆಂದು ಕೈ ಎತ್ತಿದೆ, ಏನೆಂದು ತಡೆಯಲಿ? ಸಂಜೆಯ ಹೊತ್ತಿಗೆ ಗೋಡೆ ಕೆನೆ ಬಣ್ಣದಲ್ಲಿ ನಯವಾಗಿ, ಬರಿದಾಗಿ ನಿಂತಿತು. ಓನರಮ್ಮನನ್ನು ಕರೆದು ತೋರಿಸಿದೆ. ಬಾಗಿಲಲ್ಲೇ ನಿಂತು ನೋಡಿದರು.

“ಚೆನ್ನಾಗಿದೆ,” ಎಂದರು.

ನಾನು ಮಾಡಿಸಿದ ಒಂದು ಕೆಲಸಕ್ಕೆ ಆ ಮನೆಯಲ್ಲಿ ಅವರು ಚೆನ್ನಾಗಿದೆ ಎಂದದ್ದು ಅದೇ ಮೊದಲು. ನಾನು ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.